ಕಟ್ಟಡಕ್ಕೆ ದುಡ್ಡಿದೆ, ಮೇಷ್ಟ್ರಿಗೆ?

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಅಂದ್ರೆ ಮುಖ್ಯವಾಗಿ ಎರಡು ವರ್ಷದ ಕೋರ್ಸುಗಳ ಸರ್ಕಾರಿ ಕಾಲೇಜುಗಳು. ಇವನ್ನು ನಡೆಸೋದು ಸ್ಥಳೀಯ ಜನ ಮತ ಹಾಕಿ ಆರಿಸಿದ ಮಂಡಳಿ. ವಿದ್ಯಾರ್ಥಿಗಳು ಹೆಚ್ಚಾದರೆ ಇಲ್ಲಿ ಹೊಸ ಕಟ್ಟಡ ಹೇಗೆ ಬರುತ್ತೆ?

ಮೊದಲು ಲೆಕ್ಕ: ಈಗಿರುವ ತರಗತಿ, ಲ್ಯಾಬ್‌ಗಳಲ್ಲಿ ವಾರಕ್ಕೆ ಎಷ್ಟು ಪಾಠ ನಡೆಸಬಹುದು, ನಿಜಕ್ಕೂ ಎಷ್ಟು ಬೇಕು ಎಂಬ ಅನುಪಾತ. ಅದು ಶೇ. 100 ದಾಟಿದರೆ ಜಾಗ ಹೆಚ್ಚುವರಿ ಇದೆ ಎಂದರ್ಥ. ಹೊಸ ಜಾಗಕ್ಕೆ ರಾಜ್ಯದ ನೆರವು ಸಿಗೋದು ಕಷ್ಟ.

ಆಮೇಲೆ ಮತದಾನ: ಬಾಂಡ್ ಮೂಲಕ ಸಾಲ ಎತ್ತಿ, ಆಸ್ತಿ ತೆರಿಗೆಯಿಂದ ತೀರಿಸುತ್ತಾರೆ. ಇದಕ್ಕೆ ಮೊದಲು ಮೂರನೇ ಎರಡರಷ್ಟು ಮತ ಬೇಕಿತ್ತು. 2000ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 39 ಅದನ್ನು ಶೇ. 55ಕ್ಕೆ ಇಳಿಸಿತು. ಬದಲಿಗೆ ಷರತ್ತುಗಳು ಬಂದವು: ಕಾಮಗಾರಿ ಪಟ್ಟಿ ಮೊದಲೇ ಕೊಡಬೇಕು, ಪ್ರತಿವರ್ಷ ಸ್ವತಂತ್ರ ಆಡಿಟ್ ಆಗಬೇಕು, ಕನಿಷ್ಠ 7 ಜನರ ನಾಗರಿಕ ಸಮಿತಿ ಇರಬೇಕು. ಅದರಲ್ಲಿ ಒಬ್ಬರು ವಿದ್ಯಾರ್ಥಿ.

ಆದರೆ ಎರಡು ತೊಡಕು. ಈ ದುಡ್ಡನ್ನು ಸಂಬಳಕ್ಕಾಗಲಿ, ದಿನನಿತ್ಯದ ಖರ್ಚಿಗಾಗಲಿ ಬಳಸುವಂತಿಲ್ಲ. ಲ್ಯಾಬ್ ಎದ್ದು ನಿಲ್ಲುತ್ತೆ; ಪಾಠ ಮಾಡೋರು, ಕರೆಂಟ್ ಬಿಲ್ಲು ಎಲ್ಲ ವಾರ್ಷಿಕ ಬಜೆಟ್ಟಿನ ತಲೆ ಮೇಲೆ. ಇನ್ನು ಸಮಿತಿ ನೋಡೋದು ದುಡ್ಡು ಸರಿಯಾಗಿ ಖರ್ಚಾಯ್ತಾ ಅಂತ ಮಾತ್ರ. ಯಾವ ಕಟ್ಟಡ ಬೇಕು ಅನ್ನೋದು ಮಾಸ್ಟರ್ ಪ್ಲಾನ್ ಬರೆಯುವಾಗಲೇ ಬಹುತೇಕ ತೀರ್ಮಾನವಾಗಿರುತ್ತೆ. ವಿದ್ಯಾರ್ಥಿಗೆ ಕುರ್ಚಿ ನಿಜವಾಗಿ ಬೇಕಿರೋದು ಅಲ್ಲಿ.