ಒಲೆ, ಸಗಣಿ, ಬಿಸಿಲು: ಕರ್ನಾಟಕದ ಮನೆಬಳಕೆಯ ಇಂಧನದ ಇತಿಹಾಸ

ಹವಾಮಾನ ಬದಲಾವಣೆಯನ್ನು ಪರಿಶೀಲಿಸುವ ಅಂತರಸರ್ಕಾರಿ ಸಮಿತಿ 1988ರಲ್ಲಿ ರಚನೆಯಾಗುವುದಕ್ಕೆ ಒಂದು ದಶಕಕ್ಕೂ ಮೊದಲೇ, ಮನೆಬಳಕೆಯ ನವೀಕರಿಸಬಹುದಾದ ಇಂಧನದ ಪ್ರಶ್ನೆ ಕರ್ನಾಟಕದಲ್ಲಿ ಅಡುಗೆಮನೆಯ ಒಲೆಯ ಸುತ್ತ ಎದ್ದಿತ್ತು. 1973ರ ತೈಲ ಬಿಕ್ಕಟ್ಟು ಸೀಮೆಎಣ್ಣೆ, ಡೀಸೆಲ್‌ಗಳನ್ನು ನೆಚ್ಚಿ ಕೂರುವುದರ ಅಪಾಯವನ್ನು ತೋರಿಸಿಕೊಟ್ಟಿತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆರಂಭವಾಗುವವರೆಗೆ ರಾಜ್ಯದ ವಿದ್ಯುತ್ತು ಬಹುಪಾಲು ಜಲಾಶಯಗಳಿಂದಲೇ ಬರುತ್ತಿದ್ದುದರಿಂದ, ಶರಾವತಿ ಕಣಿವೆಯಲ್ಲಿ ಮುಂಗಾರು ಕೈಕೊಟ್ಟರೆ ದೂರದ ಬಯಲುಸೀಮೆಯ ಮನೆಗಳಲ್ಲೂ ದೀಪ ಆರುತ್ತಿತ್ತು. ಮಳೆಗೂ ಇಂಧನಕ್ಕೂ ಇರುವ ನಂಟು ಇಲ್ಲಿನ ಜನರಿಗೆ ಅನುಭವದಿಂದಲೇ ತಿಳಿದಿತ್ತು.

ಈ ಪ್ರಶ್ನೆಯನ್ನು ಅಧ್ಯಯನದ ಚೌಕಟ್ಟಿಗೆ ತಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’, ಅಂದರೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವ ಕಾರ್ಯಕ್ರಮ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದ ಈ ತಂಡ, ಸುತ್ತಲಿನ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆಂಬುದನ್ನು ಮನೆಮನೆಯಲ್ಲಿ ಅಳೆಯಿತು. ಪುರ ಎಂಬ ಹಳ್ಳಿಯಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸೌದೆಯದಾಗಿದ್ದು, ವಿದ್ಯುತ್ತಿನ ಪಾಲು ಶೇ 1ನ್ನೂ ಮುಟ್ಟಿರಲಿಲ್ಲ. ಸೌದೆ ಆಯುವುದು, ನೀರು ಹೊರುವುದು ಮುಂತಾಗಿ ಯಾವ ಲೆಕ್ಕಪತ್ರದಲ್ಲೂ ಕಾಣದಿದ್ದ ಹೆಂಗಸರ ದುಡಿಮೆ ಈ ಗಣತಿಯಿಂದ ಅಂಕಿಗಳಲ್ಲಿ ಮೂಡಿತು.

ಇದರ ಮುಂದುವರಿಕೆಯಾಗಿ 1980ರ ದಶಕದ ಆರಂಭದಲ್ಲಿ ರೂಪುಗೊಂಡ ಅಸ್ತ್ರ ಒಲೆಯು ಮಣ್ಣಿನಿಂದಲೇ ಕಟ್ಟಬಹುದಾದ, ಒಂದೇ ಉರಿಗೆ ಮೂರು ಪಾತ್ರೆ ಕೂರಿಸಬಹುದಾದ, ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆ ಕಳಿಸುವ ಒಲೆಯಾಗಿತ್ತು. ಬಾಯಿ ತೆರೆದ ಸಾಂಪ್ರದಾಯಿಕ ಒಲೆಯಲ್ಲಿ ಉರಿಯ ಹೆಚ್ಚಿನ ಭಾಗ ಗಾಳಿಪಾಲಾಗುತ್ತಿದ್ದರೆ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಇದು ಸೌದೆಯ ಶಾಖದಲ್ಲಿ ಶೇ 40ಕ್ಕೂ ಹೆಚ್ಚನ್ನು ಪಾತ್ರೆಗಳಿಗೆ ತಲುಪಿಸಿತು. ಆದರೆ ಪ್ರಯೋಗಾಲಯದ ಅಳತೆ ಹಳ್ಳಿಯಲ್ಲೂ ನಿಲ್ಲಬೇಕಾದರೆ ಒಲೆ ಕಟ್ಟುವವರ ಕೈ ಪಳಗಿರಬೇಕಿತ್ತು, ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕಿತ್ತು.

ಗೋಬರ್ ಗ್ಯಾಸಿನ ಕಥೆಯಲ್ಲಿ ಈ ಷರತ್ತುಗಳು ಇನ್ನಷ್ಟು ನಿಚ್ಚಳವಾಗಿ ಕಾಣುತ್ತವೆ. ಗಾಳಿಯಾಡದ ಗುಂಡಿಯಲ್ಲಿ ಕೊಳೆಯುವ ಸಗಣಿಯಿಂದ ಹೊಮ್ಮುವ ಈ ಅನಿಲ ಒಂದು ಘನ ಮೀಟರಿನಷ್ಟು ದೊರೆಯಬೇಕಾದರೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ಪುರದಲ್ಲಿ ಊರಿಗೆಲ್ಲ ಅಡುಗೆ ಅನಿಲ ಒದಗಿಸುವ ಸಮುದಾಯ ಸ್ಥಾವರದ ಯೋಜನೆ, ಊರಿನ ದನಗಳ ಸಗಣಿ ಅಷ್ಟಕ್ಕೆ ಸಾಲದೆ ಸೋತಿತು. ಆದರೆ 1987ರಿಂದ ಅದೇ ಅನಿಲ ಡೀಸೆಲ್ ಎಂಜಿನ್ನನ್ನು ನಡೆಸಿ ಬೋರ್‌ವೆಲ್ ನೀರನ್ನೂ ಮನೆದೀಪವನ್ನೂ ಕೊಟ್ಟಿತು, ಅನಿಲ ತೆಗೆದುಳಿದ ಬಗ್ಗಡ ಸಗಣಿ ಕೊಟ್ಟವರಿಗೆ ಗೊಬ್ಬರವಾಗಿ ಮರಳಿತು. ಇದಕ್ಕೆ ಎದುರಾಗಿ ಶಿರಸಿ ಸೀಮೆಯಲ್ಲಿ ಮನೆಗೊಂದು ಸ್ಥಾವರವೆಂಬ ಪದ್ಧತಿಯೇ ಬೇರೂರಿತು. ಅಲ್ಲಿ ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ದನಗಳಿದ್ದವು. ಹಸಿರೆಲೆ, ದರಕುಗಳಿಗಾಗಿ ತೋಟಿಗರಿಗೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟಗಳಿದ್ದವು. ಬಗ್ಗಡಕ್ಕಾಗಿ ಕಾಯುವ ಅಡಿಕೆ ತೋಟಗಳಿದ್ದವು. ಆ ಭಾಗದ ಹಳ್ಳಿಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ಕಟ್ಟಿದ ಸ್ಥಾವರಗಳೆಲ್ಲವೂ ಕೆಲಸ ಮಾಡುತ್ತಿರುವುದನ್ನು ದಾಖಲಿಸಿತು.

ನಗರದಲ್ಲಿ ಈ ಬದಲಾವಣೆ ಬಚ್ಚಲುಮನೆಯಿಂದ ಬಂದಿತು. ಬಚ್ಚಲೊಲೆಯ ಮೇಲಿನ ತಾಮ್ರದ ಹಂಡೆಯಲ್ಲಿ ನೀರು ಕಾಯಿಸುವ ರೂಢಿಯಿದ್ದ ನಾಡಿನಲ್ಲಿ, ಬಿಸಿಯಾದ ನೀರು ಹಗುರಾಗಿ ತಾನೇ ಮೇಲಿನ ತೊಟ್ಟಿಗೇರುವ ತತ್ತ್ವದ ಮೇಲೆ ಪಂಪಿಲ್ಲದೆ ನಡೆಯುವ ಸೋಲಾರ್ ವಾಟರ್ ಹೀಟರ್‌ಗೆ ಹೊಸದಾಗಿ ಅಗತ್ಯವನ್ನು ಸೃಷ್ಟಿಸಬೇಕಾಗಿರಲಿಲ್ಲ. 2007ರಲ್ಲಿ ಬೆಸ್ಕಾಂ ನಿಗದಿತ ಅಳತೆ ಮೀರಿದ ಹೊಸ ಮನೆಗಳ ವಿದ್ಯುತ್ ಸಂಪರ್ಕಕ್ಕೆ ಇದನ್ನು ಕಡ್ಡಾಯಗೊಳಿಸಿತು. ಬಿಸಿಲಿನಿಂದ ಬೆಳಕು ಪಡೆಯುವ ಫಲಕಗಳಿಗೆ ಮಾತ್ರ ಮೊದಲಿಗೇ ಸುರಿಯಬೇಕಾದ ಹಣವೇ ಅಡ್ಡಿಯಾಗಿತ್ತು. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಅವರು ಗ್ರಾಮೀಣ ಬ್ಯಾಂಕುಗಳ ಸಾಲವನ್ನೂ ಊರಿನ ಹತ್ತಿರದಲ್ಲೇ ದುರಸ್ತಿಯ ಸೌಕರ್ಯವನ್ನೂ ಜೋಡಿಸಿ ಈ ಅಡ್ಡಿಯನ್ನು ದಾಟುವ ದಾರಿ ತೋರಿದರು.

ಈ ಇತಿಹಾಸದುದ್ದಕ್ಕೂ ಹೊಗೆಯಿಲ್ಲದ ಅಡುಗೆಮನೆ, ತೋಟದ ಗೊಬ್ಬರ, ಸ್ನಾನದ ಬಿಸಿನೀರು ಎಂಬ ಮನೆಯ ಲೆಕ್ಕಗಳೇ ಮುಂದಿದ್ದು, ವಾತಾವರಣದ ಇಂಗಾಲದ ಲೆಕ್ಕ ಅವುಗಳ ಹಿಂದೆ ಬಂದು ಸೇರಿಕೊಂಡಿತು. ಅಕಾಲದ ಮಳೆ, ಬರಗಳ ಕಾರಣದಿಂದ ಈ ಎರಡನೆಯ ಲೆಕ್ಕ ಇಂದು ದೊಡ್ಡದಾಗಿ ಕಂಡರೂ, ಸೂರಿನ ಮೇಲಿನ ಫಲಕ ಎಷ್ಟು ಕಾಲ ಉಳಿಯುತ್ತದೆಂಬುದನ್ನು ನಿರ್ಧರಿಸುವುದು ಮೊದಲನೆಯದೇ. ಮೋಡ ಮುಸುಕಿದ ಆಷಾಢದಲ್ಲಿ ಮಲೆನಾಡಿನ ಬಚ್ಚಲೊಲೆಗಳು ಮತ್ತೆ ಉರಿಯುವುದು ಆ ಲೆಕ್ಕದ ಪ್ರಕಾರವೇ.