ಅಗ್ನಿಸಹ ಲೋಹಗಳ ವಿದ್ಯುಲ್ಲೇಪನ

ವಿದ್ಯುತ್ತಿನಿಂದ ಒಂದು ಲೋಹದ ಮೇಲೆ ಇನ್ನೊಂದನ್ನು ಲೇಪಿಸುವ ವಿದ್ಯೆ ಹಳೆಯದು. 1805ರಲ್ಲಿಯೇ ಇಟಲಿಯ ಬ್ರುನ್ಯಾಟೆಲ್ಲಿಯು ವೋಲ್ಟಾನ ವಿದ್ಯುತ್ಕೋಶದ ನೆರವಿನಿಂದ ಬೆಳ್ಳಿಯ ಪದಕಗಳಿಗೆ ಚಿನ್ನದ ಲೇಪವನ್ನು ಕೊಟ್ಟನು. ಚಿನ್ನ, ತಾಮ್ರ, ನಿಕ್ಕಲ್‌ಗಳು ಈ ವಿದ್ಯೆಗೆ ಬೇಗ ಒಲಿದವು. ಟ್ಯಾಂಟಲಮ್, ನಿಯೋಬಿಯಮ್ ಮೊದಲಾದ ಅಗ್ನಿಸಹ ಲೋಹಗಳು ಮಾತ್ರ ಒಂದೂವರೆ ಶತಮಾನ ಒಲಿಯಲಿಲ್ಲ.

ಇದಕ್ಕೆ ಕಾರಣ ನೀರು. ಜಲದ್ರಾವಣದಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಈ ಲೋಹಗಳಿಗಿಂತ ಮೊದಲೇ ಜಲಜನಕವು ಋಣಧ್ರುವದಲ್ಲಿ ಹೊರಬೀಳುತ್ತದೆ. ಕರಗಿಸಿ ಅದ್ದೋಣವೆಂದರೆ ಟ್ಯಾಂಟಲಮ್ ಕರಗಲು ಸುಮಾರು 3000 ಡಿಗ್ರಿ ಸೆಂಟಿಗ್ರೇಡ್ ಉಷ್ಣ ಬೇಕು. ಲೇಪಿಸಿಕೊಳ್ಳಬೇಕಾದ ಉಕ್ಕು ಅದಕ್ಕೆ ಎಷ್ಟೋ ಮೊದಲು ನೀರಾಗಿರುತ್ತದೆ. 1802ರಲ್ಲಿ ಈ ಧಾತುವನ್ನು ಕಂಡ ಸ್ವೀಡನ್ನಿನ ಎಕೆಬರ್ಗನು, ಆಮ್ಲದಲ್ಲಿ ಮುಳುಗಿಸಿದರೂ ಅದರ ಭಸ್ಮವು ಆಮ್ಲವನ್ನು ಹೀರದುದನ್ನು ನೋಡಿ, ನೀರಿನಲ್ಲಿ ನಿಂತೂ ದಾಹ ತೀರದ ಗ್ರೀಕ್ ಪುರಾಣದ ಟ್ಯಾಂಟಲಸನ ಹೆಸರನ್ನು ಇಟ್ಟನು. ಆಮ್ಲಕ್ಕೆ ಜಗ್ಗದ ಈ ಗುಣವೇ ಮುಂದೆ ರಾಸಾಯನಿಕ ಕಾರ್ಖಾನೆಗಳಿಗೆ ಬೇಕಾಯಿತು. ಬೆಲೆಯೋ ದುಬಾರಿ, ಆದುದರಿಂದ ಉಕ್ಕಿನ ಮೇಲೆ ತೆಳ್ಳಗೆ ಹೊದಿಸುವ ಆಸೆ ಸಹಜವೇ.

ನೀರಿಲ್ಲದ ದಾರಿಯನ್ನು ಡೇವಿಯು 1807ರಲ್ಲಿ ಕರಗಿಸಿದ ಪೊಟ್ಯಾಷಿನಿಂದ ಪೊಟ್ಯಾಸಿಯಮ್ಮನ್ನು ಬಿಡಿಸಿ ತೋರಿಸಿದ್ದನು. 1866ರಲ್ಲಿ ಮಾರಿನ್ಯಾಕನು ಟ್ಯಾಂಟಲಮ್ಮನ್ನು ನಿಯೋಬಿಯಮ್ಮಿನಿಂದ ಬೇರ್ಪಡಿಸಲು ಬಳಸಿದ ಪೊಟ್ಯಾಸಿಯಮ್–ಟ್ಯಾಂಟಲಮ್ ಫ್ಲೋರೈಡು ಈ ದಾರಿಯ ಸಾಮಗ್ರಿಯಾಯಿತು. 1931ರ ವೇಳೆಗೆ ಅಮೆರಿಕದಲ್ಲಿ ಡ್ರಿಗ್ಸ್ ಮತ್ತು ಲಿಲಿಯೆಂಡಾಲ್ ಎಂಬವರು ದ್ರವಿತ ಲವಣದಿಂದ ಟ್ಯಾಂಟಲಮ್ಮನ್ನು ಪಡೆದರು. ಆದರೆ ಕೈಗೆ ಬಂದುದು ಪುಡಿ. ಪುಡಿಗೂ ಲೇಪಕ್ಕೂ ಇರುವ ಅಂತರ ಜೋಳದ ಹಿಟ್ಟಿಗೂ ರೊಟ್ಟಿಗೂ ಇರುವಷ್ಟೇ.

ಆ ಅಂತರವನ್ನು ದಾಟಿದವರು ಯೂನಿಯನ್ ಕಾರ್ಬೈಡ್ ಸಂಸ್ಥೆಯ ಸೆಂಡರಾಫ್ ಮತ್ತು ಮೆಲ್ಲರ್ಸ್. ಅವರು ಕ್ಲೋರೈಡುಗಳನ್ನು ಕೈಬಿಟ್ಟು ಲಿಥಿಯಮ್, ಸೋಡಿಯಮ್, ಪೊಟ್ಯಾಸಿಯಮ್ ಫ್ಲೋರೈಡುಗಳನ್ನು ಮಾತ್ರ ಬೆರೆಸಿದರು. ಬಿಡಿಬಿಡಿಯಾಗಿ ಇವು ಯಾವುವೂ 840 ಡಿಗ್ರಿಗಿಂತ ಕೆಳಗೆ ಕರಗವು; ಮೂರೂ ತಕ್ಕ ಪ್ರಮಾಣದಲ್ಲಿ ಸೇರಿದರೆ 454ರಲ್ಲಿಯೇ ಕರಗುತ್ತವೆ! ಜಡಾನಿಲದ ಕಾವಲಿನಲ್ಲಿ, 700–800 ಡಿಗ್ರಿಯ ಸುಮಾರಿನಲ್ಲಿ, ಧನಧ್ರುವದ ಲೋಹವು ಕರಗಿ ಋಣಧ್ರುವದಲ್ಲಿ ಒತ್ತಾದ ಪದರವಾಗಿ ಕೂಡಿತು. 1966ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಈ ಲೇಪಗಳ ವಿವರವನ್ನು ಪ್ರಕಟಿಸಿದರು.

ಪದರವು ಏಕೆ ಒತ್ತಾಗಿ ಕೂಡುತ್ತದೆ? ಮೊದಲು ಮೂರು, ಬಳಿಕ ನಿಧಾನವಾಗಿ ಎರಡು ಎಲೆಕ್ಟ್ರಾನುಗಳು ಸೇರುವುದೇ ಕಾರಣವೆಂದು ಅವರು ತಿಳಿದಿದ್ದರು. 1990ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ನಡೆದ ಅಧ್ಯಯನಗಳು ಶುದ್ಧ ಫ್ಲೋರೈಡಿನಲ್ಲಿ ಐದೂ ಒಂದೇ ಹಂತದಲ್ಲಿ ಸೇರುತ್ತವೆಂದು ತೋರಿಸಿದವು. ಆಮ್ಲಜನಕದ ಲೇಶ ಬೆರೆತರೂ ಆಕ್ಸಿಫ್ಲೋರೈಡುಗಳು ಹುಟ್ಟಿ ಕ್ರಿಯೆಯ ರೂಪವೇ ಬದಲಾಗುತ್ತದೆ. ವಿವರಣೆ ಬಿದ್ದುಹೋದರೂ ಲೇಪವೇನೋ ಕಳಚಿ ಬೀಳಲಿಲ್ಲ. ಲವಣಗಳನ್ನು ಒಣಗಿಸಿ ಶುದ್ಧಗೊಳಿಸುವ ಅವರ ಕಟ್ಟುನಿಟ್ಟಿನ ಕ್ರಮವು ಈ ಹೊಸ ತಿಳಿವಳಿಕೆಯಿಂದ ಇನ್ನಷ್ಟು ಅಗತ್ಯವಾಗಿಯೇ ಕಂಡಿತು.