ಗಾಳದ ಅಂಗಡಿಗೆ ಕಾನೂನು ಕೊಡೆ ಹಿಡಿದಿದ್ದ ಕಾಲ

ಪುಣೆಯಲ್ಲಿ ನಮ್ಮ ಸೊಸೈಟಿ ಗೇಟಿನ ಎದುರಿಗೇ ಒಂದು ಕಿರಾಣಿ ಅಂಗಡಿ ಇದೆ. ಆದ್ರೂ ತಿಂಗಳ ಸಾಮಾನು ತರೋದು ದೊಡ್ಡ ಡಿಸ್ಕೌಂಟ್ ಮಳಿಗೆಯಿಂದ. ನಿಮ್ಮಲ್ಲೂ ಬಹುಶಃ ಹೀಗೇ. ಇಂಥ ಪೈಪೋಟಿಗೆ ಒಂದು ಹಳೇ ಉದಾಹರಣೆ ಅಮೆರಿಕದ ಮೀನುಗಾಳದ ಅಂಗಡಿಗಳು. ಇವತ್ತು ಆ ಕಥೆ.

ಅಲ್ಲಿ ಗಾಳ ಹಾಕೋದು ಕೋಟ್ಯಂತರ ಜನರ ಹವ್ಯಾಸ. ಕೆರೆ, ನದಿ ಪಕ್ಕದ ಊರುಗಳಲ್ಲಿ ಇದಕ್ಕಂತಲೇ ಪುಟ್ಟ ಅಂಗಡಿಗಳು. ಕೋಲು, ರೀಲು, ದಾರ, ಎರೆಹುಳು, ತೊಟ್ಟಿಯಲ್ಲಿ ಜೀವಂತ ಮರಿಮೀನು, ಎಲ್ಲಾ ಅಲ್ಲೇ.

1930ರ ದಶಕದಲ್ಲಿ ಚೈನ್ ಸ್ಟೋರ್‌ಗಳಿಗೆ ಹೆದರಿದ ಸಣ್ಣ ವ್ಯಾಪಾರಿಗಳು ಕಾನೂನಿನ ಮೊರೆ ಹೋದ್ರು. 1931ರಲ್ಲಿ ಕ್ಯಾಲಿಫೋರ್ನಿಯಾ 'ಫೇರ್ ಟ್ರೇಡ್' ಕಾನೂನು ತಂತು. 1937ರಲ್ಲಿ ಮಿಲ್ಲರ್-ಟೈಡಿಂಗ್ಸ್ ಕಾಯ್ದೆ ಮೂಲಕ ಕೇಂದ್ರವೂ ಇಂಥ ರಾಜ್ಯ ಕಾನೂನುಗಳಿಗೆ ದಾರಿ ಬಿಡ್ತು. ನಮ್ಮ ಎಂಆರ್‌ಪಿ ಗೊತ್ತಲ್ಲ, ಇದು ಅದರ ಉಲ್ಟಾ. ಎಂಆರ್‌ಪಿ ಅಂದ್ರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು. ಫೇರ್ ಟ್ರೇಡ್‌ನಲ್ಲಿ ಬ್ರ್ಯಾಂಡಿನ ತಯಾರಕ ಬಯಸಿದ್ರೆ, ಇದಕ್ಕಿಂತ ಕಡಿಮೆಗೆ ಮಾರಬಾರದು ಅಂತ ಬೆಲೆ ಕಟ್ಟಬಹುದಿತ್ತು. ಅಂಥ ಸರಕಿಗೆ ಮೂಲೆ ಅಂಗಡಿಯಲ್ಲೂ ದೊಡ್ಡ ಮಳಿಗೆಯಲ್ಲೂ ಒಂದೇ ಕನಿಷ್ಠ ಬೆಲೆ. ಆ ರಕ್ಷಣೆಯ ಖರ್ಚು ಬೀಳ್ತಿದ್ದದ್ದು ಗ್ರಾಹಕನ ಜೇಬಿಗೆ, ಅದೂ ನಿಜ.

1962ರಲ್ಲಿ, ಒಂದೇ ವರ್ಷ, ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಮೂರೂ ತಮ್ಮ ಮೊದಲ ಡಿಸ್ಕೌಂಟ್ ಮಳಿಗೆ ತೆರೆದವು. ಅಷ್ಟೊತ್ತಿಗಾಗಲೇ ಹಲವು ರಾಜ್ಯಗಳ ಕೋರ್ಟ್‌ಗಳು ಫೇರ್ ಟ್ರೇಡನ್ನ ಸಡಿಲ ಮಾಡಿದ್ದವು. ಹಣದುಬ್ಬರ ಎಲ್ಲರನ್ನೂ ಹಿಂಡುತ್ತಿದ್ದ 1975ರಲ್ಲಿ ಅಮೆರಿಕದ ಸಂಸತ್ತು ಆ ವಿನಾಯಿತಿಯನ್ನೇ ರದ್ದು ಮಾಡ್ತು. ಕೊಡೆ ಮಡಚಿತು. ಸಾವಿರಗಟ್ಟಲೆ ರೀಲು ಒಟ್ಟಿಗೆ ಕೊಳ್ಳೋನ ಜತೆ ಹತ್ತು ರೀಲು ಕೊಳ್ಳೋನು ಬೆಲೆಯಲ್ಲಿ ಹೇಗೆ ಸೆಣಸೋದು?

ಕಥೆಯ ತಿರುವು ಇಲ್ಲಿದೆ. 1972ರಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜಾನಿ ಮಾರಿಸ್ ಅನ್ನೋ ಯುವಕ ಅಪ್ಪನ ಮದ್ಯದಂಗಡಿಯ ಹಿಂಭಾಗದಲ್ಲಿ, ಎಂಟು ಚದರ ಅಡಿ ಜಾಗದಲ್ಲಿ, ಗಾಳದ ಸಾಮಾನು ಇಟ್ಟ. ತನಗೆ ಬೇಕಾದ ವಿಶೇಷ ಸಾಮಾನು ಊರಲ್ಲಿ ಸಿಗ್ತಿಲ್ಲ ಅನ್ನೋದೇ ಕಾರಣ. ಅದೇ ಬಾಸ್ ಪ್ರೋ ಶಾಪ್ಸ್. 2017ರಲ್ಲಿ ಅದು ತನ್ನ ದೊಡ್ಡ ಪ್ರತಿಸ್ಪರ್ಧಿ ಕ್ಯಾಬೆಲಾಸ್ ಅನ್ನೇ ಕೊಂಡ್ಕೊಳ್ತು. ಅಂದ್ರೆ ಸಣ್ಣ ಅಂಗಡಿಗೆ ಎದುರಾದ ದೈತ್ಯರಲ್ಲಿ ಒಬ್ಬ ಸಣ್ಣ ಅಂಗಡಿಯ ಹೊಟ್ಟೆಯಿಂದಲೇ ಬಂದವನು.

ಹಾಗಾದ್ರೆ ಉಳಿದ ಅಂಗಡಿಗಳು ಹೇಗೆ ಉಳಿದವು? ಜೀವಂತ ಮರಿಮೀನಿಗೆ ತಣ್ಣೀರು ಬೇಕು, ಗಾಳಿಯಾಡೋ ತೊಟ್ಟಿ ಬೇಕು, ದಿನಾ ಆರೈಕೆ ಬೇಕು. ಗೋದಾಮಿನಲ್ಲಿ ರಾಶಿ ಹಾಕಿಡೋಕಾಗಲ್ಲ. ಬೆಳಗಾಗೋ ಮುಂಚೆ ಬಾಗಿಲು ತೆಗೀಬೇಕು. ಕೆಟ್ಟ ರೀಲು ರಿಪೇರಿ ಮಾಡಬೇಕು. ಎಲ್ಲಕ್ಕಿಂತ ಮುಖ್ಯ, ಈ ವಾರ ಈ ಕೆರೆಯಲ್ಲಿ ಮೀನು ಯಾವುದಕ್ಕೆ ಬಾಯಿ ಹಾಕ್ತಿದೆ ಅಂತ ಹೇಳೋಕೆ ಗೊತ್ತಿರಬೇಕು.

ತೊಂದರೆ ಇರೋದೂ ಅಲ್ಲೇ. ಎರೆಗೆ ಬಿಲ್ ಇದೆ, ಮಾತಿಗೆ ಬಿಲ್ ಇಲ್ಲ. ಸಲಹೆ ಇಲ್ಲಿ ಕೇಳಿ, ಕೋಲು ಅಲ್ಲಿ ಕೊಂಡ್ರೆ ಅಂಗಡಿ ಎಷ್ಟು ದಿನ ನಡೆಯತ್ತೆ? ಹಳೇ ಕಾನೂನು ಕನಿಷ್ಠ ಬೆಲೆ ಕಾಯ್ತಿತ್ತು. ಆ ಬೆಲೆಯೊಳಗೆ ಈ ತಿಳಿವಳಿಕೆಯ ಕೂಲಿಯೂ ಸೇರಿತ್ತು ಅನ್ನೋದು ನಮಗೆ ಕಾಣ್ತಿರಲಿಲ್ಲ.

ಇಡ್ಲಿಗೆ ಯಾವ ಅಕ್ಕಿ ಒಳ್ಳೇದು ಅಂತ ನಾನು ಕೇಳಿದ್ದು ಎದುರಿನ ಕಿರಾಣಿಯವರನ್ನ. ಮೂಟೆ ತಂದದ್ದು ದೊಡ್ಡ ಮಳಿಗೆಯಿಂದ. ಈ ವಿಡಿಯೋ ಮಾಡೋವರೆಗೂ ಅದರಲ್ಲಿ ತಪ್ಪೇನಿದೆ ಅಂತ ನನಗೆ ಅನ್ನಿಸಿರಲೇ ಇಲ್ಲ. ನಿಮ್ಮ ಅನುಭವ ಏನು, ಬರೆದು ತಿಳಿಸಿ. ಮತ್ತೆ ಸಿಗೋಣ.